ಹಂಚು, ಟೈಲ್ಸ್, ತೇಹಾ: ಸ್ಪ್ಯಾನಿಷ್ ಪದಕಲಿಕೆಯಲ್ಲಿ ನಡುಭಾಷೆಯ ತೊಡಕು

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಕನ್ನಡದಲ್ಲಿ ‘ಹಂಚು’ ಎಂದೊಡನೆ ತೋರುವ ಅರ್ಥ ಜೋಳದ ರೊಟ್ಟಿ ಬೇಯಿಸುವ ಸಾಧನ. ಮಣ್ಣಿನ ಮಾಳಿಗೆಯ ಮನೆಗಳು ಹೆಚ್ಚಾಗಿದ್ದ ಸೀಮೆಯಲ್ಲಿ ಇದು ಸಹಜ. ಕರಾವಳಿಯಲ್ಲಿ, ಅದರಲ್ಲಿಯೂ 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ತರುವಾಯ, ‘ಹೆಂಚು’ ಮಾಡಿಗೆ ಹೊದಿಸುವ ವಸ್ತು. ರೂಪ ಎರಡಾದರೂ ಪದ ಒಂದೇ. ಒಡೆದ ಮಡಕೆಯ ಚೂರಿಗೂ ಅದು ಸಲ್ಲುತ್ತದೆ. ಈ ಮೂರು ಅರ್ಥಗಳನ್ನು ಕೂಡಿಸುವುದು ಉಪಯೋಗವಲ್ಲ, ಸುಟ್ಟ ಮಣ್ಣೆಂಬ ದ್ರವ್ಯ. ಇಂದಿನ ರೊಟ್ಟಿಹಂಚು ಬಹುಮಟ್ಟಿಗೆ ಕಬ್ಬಿಣದ್ದೆಂಬುದು ಬೇರೆ ಮಾತು.

ಹಂಪಿಯ ಪ್ರವಾಸಿ ಮಾರ್ಗದರ್ಶಿಯೊಬ್ಬರು ಇಂಗ್ಲಿಷ್ ನಿಘಂಟುಗಳ ಮೂಲಕ ಸ್ಪ್ಯಾನಿಷ್ ಕಲಿಯುತ್ತಿದ್ದಾರೆಂದು ಭಾವಿಸೋಣ. ‘ಹಂಚು’ ಮೊದಲು ‘ಟೈಲ್’ ಆಗುತ್ತದೆ. ಅದಕ್ಕೆ ಸ್ಪ್ಯಾನಿಷಿನಲ್ಲಿ ಮೂರು ಪದಗಳು ದೊರೆಯುತ್ತವೆ: ಮಾಡಿನದು ‘ತೇಹಾ’, ನೆಲದ್ದು ‘ಬಾಲ್ದೋಸಾ’, ಗೋಡೆಗೆ ಹಚ್ಚುವ ಮೆರುಗಿನ ಬಿಲ್ಲೆ ‘ಅಸುಲೇಹೊ’. ಕನ್ನಡಿಗರು ಬಚ್ಚಲುಮನೆಯ ಗೋಡೆಯದನ್ನು ಹಂಚೆನ್ನುವುದಿಲ್ಲ, ‘ಟೈಲ್ಸ್’ ಎನ್ನುತ್ತಾರೆ. ಎಂದರೆ, ಕನ್ನಡವೂ ಸ್ಪ್ಯಾನಿಷೂ ಕಾಯ್ದುಕೊಂಡ ಗಡಿಯನ್ನು ನಡುಭಾಷೆಯೇ ಅಳಿಸುತ್ತಿದೆ.

ವ್ಯುತ್ಪತ್ತಿಯೂ ಇಲ್ಲಿ ನೆರವಿಗೆ ಬಾರದು. ‘ಟೈಲ್’, ‘ತೇಹಾ’ ಎರಡೂ ಲ್ಯಾಟಿನ್ನಿನ ‘ತೆಗುಲ’ದಿಂದ ಬಂದವು, ‘ಹೊದಿಸು’ ಎಂಬರ್ಥದ ಧಾತು ಅದರದು. ಆದರೂ ನಮ್ಮ ‘ಟೈಲ್ಸ್’ಗೆ ‘ತೇಹಾ’ ಸಂವಾದಿಯಲ್ಲ. ಮಾಡಿನ ಹಂಚಿಗೆ ಮಾತ್ರ ಅದು ಸಂವಾದಿ. ‘ಅಸುಲೇಹೊ’ ಪದವನ್ನು ನೀಲಿಯನ್ನು ಸೂಚಿಸುವ ‘ಅಸುಲ್’ಗೆ ಜೋಡಿಸುವುದು ಕಲಿಯುವವರಲ್ಲಿ ಸಾಮಾನ್ಯ. ಅದರ ಮೂಲ ಅರಬ್ಬಿಯದು. ಹಸಿರು ಬಿಲ್ಲೆಯೂ ಅಸುಲೇಹೊ.

ರೊಟ್ಟಿಹಂಚಿನ ವಿಷಯದಲ್ಲಂತೂ ‘ಟೈಲ್’ ದಾರಿಯೇ ತೋರದು. ಮೆಕ್ಸಿಕೊದಲ್ಲಿ ಮುಸುಕಿನ ಜೋಳದ ತೋರ್ತೀಯಾ ಬೇಯಿಸುವುದು ‘ಕೋಮಾಲ್’ ಮೇಲೆ. ನಾವಾತಲ್ ಭಾಷೆಯಿಂದ ಬಂದ ಈ ಪದ ಮೊದಲು ಮಣ್ಣಿನ ಸಾಧನವನ್ನು, ಈಗ ಲೋಹದ್ದನ್ನೂ ಸೂಚಿಸುತ್ತದೆ. ನಮ್ಮ ಹಂಚಿನ ಚರಿತ್ರೆಯೂ ಹೀಗೆಯೇ. ನಮ್ಮ ಗಮನ ಹೆಚ್ಚು ಸೆಳೆದದ್ದು ‘ತಿಯೆಸ್ತೊ’. ಸ್ಪೇನಿನಲ್ಲಿ ಅದು ಹೂಕುಂಡ, ಮಡಕೆಯ ಚೂರು. ಎಕ್ವಡಾರಿನಲ್ಲಿ ಹುರಿಯುವ, ರೊಟ್ಟಿ ಬೇಯಿಸುವ ಮಣ್ಣಿನ ಹಂಚು. ಚೂರಿನಿಂದ ಹಂಚಿಗೆ ಹಬ್ಬಿದ ಅರ್ಥಜಾಲ ಎರಡು ಭಾಷೆಗಳಲ್ಲಿ ಪರಸ್ಪರ ಸಂಬಂಧವಿಲ್ಲದೆ ಬೆಳೆದಿದೆ. ಹಂಪಿಯ ಉತ್ಖನನದಲ್ಲಿ ದೊರೆತ ಚೂರುಗಳನ್ನು ತೋರಿಸುವ ಮಾರ್ಗದರ್ಶಿಗೆ ಮೊದಲು ಬೇಕಾಗುವ ಪದವೂ ಅದೇ. ಆದ್ದರಿಂದ ಕನ್ನಡ–ಸ್ಪ್ಯಾನಿಷ್ ಪದಪಟ್ಟಿಯಲ್ಲಿ ‘ಹಂಚು’ವಿನ ಎದುರು ನಾವು ‘ತಿಯೆಸ್ತೊ’ವನ್ನು ಮೊದಲಿಡುತ್ತೇವೆ, ‘ಕೋಮಾಲ್’ ಎರಡನೆಯದು, ‘ತೇಹಾ’ ಮೂರನೆಯದು. ‘ಅಸುಲೇಹೊ’ ಅಲ್ಲಿ ಬರುವುದಿಲ್ಲ.