ಎಪಿ ಇಂಗ್ಲಿಷ್ ತರಗತಿಯ ವಾರದ ಕೆಲಸ: ಹೆತ್ತವರಿಗೂ ದಾನಿಗಳಿಗೂ ಒಂದು ವಿವರಣೆ



ವಿದ್ಯಾರ್ಥಿವೇತನದ ಅರ್ಜಿ ಬಂದಾಗ ನಾವು ಮೊದಲು ನೋಡುವುದು ಅಂಕಪಟ್ಟಿಯನ್ನು. ಆ ಅಂಕದ ಹಿಂದೆ ವಾರವಾರವೂ ನಡೆದ ದುಡಿಮೆ ಅದರಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿಯೂ ಕೊಲ್ಲಿ ರಾಷ್ಟ್ರಗಳ ಅಮೆರಿಕನ್ ಪಠ್ಯಕ್ರಮದ ಶಾಲೆಗಳಲ್ಲಿಯೂ ಓದುವ ನಮ್ಮ ಮಕ್ಕಳಲ್ಲಿ ಕೆಲವರು ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ‘ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಆಂಡ್ ಕಾಂಪೊಸಿಷನ್’ ಎಂಬ ಉನ್ನತ ಮಟ್ಟದ ತರಗತಿಯನ್ನು ಆರಿಸಿಕೊಳ್ಳುತ್ತಾರೆ. ‘ಇಡೀ ಸಂಜೆ ಒಂದೇ ಪುಟ ಹಿಡಿದು ಕೂತಿರುತ್ತಾನೆ, ಪಾಠ ಓದುವುದೇ ಕಾಣುವುದಿಲ್ಲ’ ಎಂದು ಚಿಂತಿಸುವ ಹೆತ್ತವರಿಗಾಗಿ ಈ ಬರಹ.

ಪರೀಕ್ಷೆ ಹೇಗಿದೆ?

ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಪರೀಕ್ಷೆ ಮೇ ತಿಂಗಳಲ್ಲಿ. ಒಂದು ಗಂಟೆಯಲ್ಲಿ 45 ಬಹು ಆಯ್ಕೆ ಪ್ರಶ್ನೆಗಳು, ಅದಕ್ಕೆ ಶೇ. 45 ಅಂಕ. ನಂತರ 2 ಗಂಟೆ 15 ನಿಮಿಷಗಳಲ್ಲಿ ಮೂರು ಪ್ರಬಂಧಗಳು, ಅದಕ್ಕೆ ಶೇ. 55. ಫಲಿತಾಂಶವನ್ನು 1ರಿಂದ 5ರ ಅಳತೆಯಲ್ಲಿ ಕೊಡುತ್ತಾರೆ. 3 ಅಥವಾ ಹೆಚ್ಚು ಬಂದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ. ಕೆಲವು 4 ಅಥವಾ 5 ಕೇಳುತ್ತವೆ. ಕ್ರೆಡಿಟ್ ಸಿಕ್ಕಿದರೆ ಮುಂದೆ ಕಾಲೇಜಿನಲ್ಲಿ ಒಂದು ಕೋರ್ಸಿನ ಶುಲ್ಕ ಉಳಿಯಬಹುದು.

ಈ ಪರೀಕ್ಷೆಗೆ ಬಾಯಿಪಾಠ ಮಾಡುವ ಪುಸ್ತಕವಿಲ್ಲ. ಮಕ್ಕಳು ಮೊದಲು ನೋಡಿರದ ಬರಹವನ್ನು ಕೊಟ್ಟು, ಲೇಖಕರು ಓದುಗರನ್ನು ಹೇಗೆ ಒಪ್ಪಿಸಲು ಯತ್ನಿಸಿದ್ದಾರೆ ಎಂದು ಕೇಳುತ್ತಾರೆ. ಆದ್ದರಿಂದಲೇ ವಾರದ ಕೆಲಸಕ್ಕೆ ಅಷ್ಟು ಬೆಲೆ.

ವಾರದಲ್ಲಿ ಏನು ಮಾಡುತ್ತಾರೆ?

ಕ್ರಮ ಶಾಲೆಯಿಂದ ಶಾಲೆಗೆ ಬೇರೆ. ಸಾಮಾನ್ಯವಾಗಿ ವಾರಕ್ಕೊಂದು ಲೇಖನ, ಭಾಷಣ ಅಥವಾ ಪತ್ರವನ್ನು ಪೆನ್ಸಿಲ್ ಹಿಡಿದು ಓದಿ ಅಂಚಿನಲ್ಲಿ ಟಿಪ್ಪಣಿ ಬರೆಯಬೇಕು. ಹೊಸ ಪದಗಳನ್ನು ಅವು ಬಂದ ವಾಕ್ಯದ ಸಮೇತ ಕಲಿಯಬೇಕು. ಗಡಿಯಾರ ಇಟ್ಟುಕೊಂಡು 40 ನಿಮಿಷಗಳಲ್ಲಿ ಒಂದು ಪ್ರಬಂಧ ಬರೆಯಬೇಕು. ಶಿಕ್ಷಕರು ತಿದ್ದಿ ಕೊಟ್ಟದ್ದನ್ನು ಮತ್ತೆ ಬರೆಯಬೇಕು.

ಒಂದು ಉದಾಹರಣೆ ನೋಡೋಣ. 2019ರ ಪರೀಕ್ಷೆಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ 1930ರಲ್ಲಿ ಗಾಂಧೀಜಿ ವೈಸ್‌ರಾಯ್ ಲಾರ್ಡ್ ಇರ್ವಿನ್ ಅವರಿಗೆ ಬರೆದ ಪತ್ರದ ಕೊನೆಯ ಭಾಗವನ್ನು ಕೊಟ್ಟಿದ್ದರು. ಆ ಪತ್ರದ ಬೇರೊಂದು ಕಡೆ ಗಾಂಧೀಜಿ ವೈಸ್‌ರಾಯರ ತಿಂಗಳ ಸಂಬಳ 21,000 ರೂಪಾಯಿ ಎಂದು ಹೇಳಿ, ಭಾರತೀಯನ ಸರಾಸರಿ ದಿನದ ಆದಾಯ ಎರಡಾಣೆಗಿಂತಲೂ ಕಡಿಮೆ ಎಂದು ಅದರ ಪಕ್ಕದಲ್ಲಿಡುತ್ತಾರೆ. ‘ಗಾಂಧೀಜಿ ಹೋಲಿಕೆ ಬಳಸಿದ್ದಾರೆ’ ಎಂದು ಬರೆದರೆ ಹೆಚ್ಚು ಅಂಕ ಬಾರದು. ಈ ಹೋಲಿಕೆ ಈ ಓದುಗನಿಗೆ ಏಕೆ? ವ್ಯಕ್ತಿಯನ್ನು ನೋಯಿಸದೆ, ‘ಮಿತ್ರ’ ಎಂದು ಕರೆಯುತ್ತಲೇ, ಆಡಳಿತದ ಅನ್ಯಾಯವನ್ನು ಆ ವ್ಯಕ್ತಿಯ ಸಂಬಳದಲ್ಲೇ ತೋರಿಸಿದ್ದು ಹೇಗೆ? ಅದನ್ನು ವಿವರಿಸಬೇಕು. ಪ್ರತಿ ಪ್ರಬಂಧಕ್ಕೆ 6 ಅಂಕ; ಅದರಲ್ಲಿ 4 ಅಂಕ ಆಧಾರ ಮತ್ತು ವಿವರಣೆಗೇ ಮೀಸಲು. ‘ಏಕೆ’ ಎಂದು ಕೇಳುವ ಈ ಅಭ್ಯಾಸ ಏಪ್ರಿಲ್‌ನ ಟ್ಯೂಷನ್‌ನಿಂದ ಬರುವುದಿಲ್ಲ. ಮೂರು ವಾರ ಬಿಟ್ಟರೆ ಕೈ ತಪ್ಪುತ್ತದೆ.

ಹೆತ್ತವರು ಏನು ಮಾಡಬಹುದು?

ಇಂಗ್ಲಿಷ್ ಬಾರದ ತಾಯಿಯೂ ಇಲ್ಲಿ ನೆರವಾಗಬಲ್ಲಳು. ಮಗು ಪ್ರಬಂಧ ಬರೆಯುವ 40 ನಿಮಿಷ ಟಿ.ವಿ. ಆರಿಸಿ, ಯಾವ ಕೆಲಸಕ್ಕೂ ಕರೆಯಬೇಡಿ. ಬರೆದು ಮುಗಿದ ಮೇಲೆ, ‘ಏನು ಬರೆದೆ, ಮನೆಮಾತಿನಲ್ಲಿ ಹೇಳು’ ಎಂದು ಕೇಳಿ. ಬ್ಯಾರಿಯಲ್ಲಾಗಲಿ, ಉರ್ದುವಿನಲ್ಲಾಗಲಿ, ಕನ್ನಡದಲ್ಲಾಗಲಿ ಹೇಳಲು ಬಂದರೆ ವಿಷಯ ಅರ್ಥವಾಗಿದೆ ಎಂದೇ ತಿಳಿಯಿರಿ. ತಡವರಿಸಿದರೆ ಎಲ್ಲಿ ತಡೆಯಿತೋ ಅಲ್ಲಿಯೇ ಪ್ರಬಂಧವೂ ಸಡಿಲವಾಗಿರುತ್ತದೆ. ಕೆಂಪು ಶಾಯಿ ತುಂಬಿದ ಹಾಳೆ ಕಂಡು ಗದರಬೇಡಿ. ತಿದ್ದಿಸಿಕೊಂಡ ಮಗುವೇ ಮುಂದೆ ಹೋಗುವುದು.

ಊರಿನಲ್ಲಿ ಪಿಯುಸಿ ಓದುವ ಮಕ್ಕಳಿಗೆ ಈ ಪರೀಕ್ಷೆ ಇಲ್ಲ, ಆದರೆ ಕ್ರಮ ಅವರಿಗೂ ಒದಗುತ್ತದೆ. ವಾರಕ್ಕೊಂದು ಪತ್ರಿಕೆಯ ಸಂಪಾದಕೀಯ ಓದಿ, ಬರೆದವರ ವಾದವೇನು, ಆಧಾರವೇನು ಎಂದು ಒಂದು ಪುಟ ಬರೆಯಲಿ. ಕನ್ನಡದಲ್ಲಿ ಶುರು ಮಾಡಿದರೂ ನಷ್ಟವಿಲ್ಲ.

ದಾನಿಗಳಲ್ಲಿ ಒಂದು ಮಾತು

ಶಾಲಾ ಶುಲ್ಕ, ಪರೀಕ್ಷಾ ಶುಲ್ಕ ಕಟ್ಟುವುದು ದೊಡ್ಡ ನೆರವು. ಅದರ ಜೊತೆಗೆ ಪತ್ರಿಕೆ, ನಿಘಂಟು, ಓದಲು ಶಾಂತವಾದ ಒಂದು ಕೋಣೆ, ಬರೆದದ್ದನ್ನು ತಿದ್ದುವ ಒಬ್ಬ ಶಿಕ್ಷಕರು, ಇವು ವರ್ಷಪೂರ್ತಿ ಬೇಕಾಗುವ ಸಣ್ಣ ಖರ್ಚುಗಳು. ಹಲವು ಮನೆಗಳಲ್ಲಿ ಮಕ್ಕಳು ಹಿಂದೆ ಬೀಳುವುದು ಇವು ಇಲ್ಲದ್ದರಿಂದ. ನಿಮ್ಮ ನೆರವಿನ ಒಂದು ಪಾಲು ಇವುಗಳಿಗೂ ಇರಲಿ.

ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ಅಂಕಪಟ್ಟಿಯೊಂದಿಗೆ ಶಿಕ್ಷಕರು ತಿದ್ದಿದ ಒಂದು ಪ್ರಬಂಧವನ್ನೂ, ನೀವು ಮತ್ತೆ ಬರೆದ ಪ್ರತಿಯನ್ನೂ ಲಗತ್ತಿಸಿದರೆ ಸಂತೋಷ. ತಪ್ಪುಗಳಿವೆಯೆಂದು ಹಿಂಜರಿಯಬೇಡಿ. ಮೊದಲ ಪ್ರತಿಗೂ ಎರಡನೆಯದಕ್ಕೂ ನಡುವೆ ನೀವು ಪಟ್ಟ ಶ್ರಮವನ್ನೇ ನಾವು ನೋಡಬಯಸುತ್ತೇವೆ.