ಮದ್ದು, ಪಥ್ಯ ಮತ್ತು ಅಡ್ಡಪರಿಣಾಮ: ಜನಪದ ವೈದ್ಯಪ್ರಜ್ಞೆ ಹಾಗೂ ವೈದ್ಯರ ಚೀಟಿಯ ಔಷಧಗಳು

ಕನ್ನಡದ 'ಮದ್ದು' ಎಂಬ ಶಬ್ದದ ಅರ್ಥವ್ಯಾಪ್ತಿ ಗಮನಾರ್ಹವಾದುದು. ರೋಗ ಕಳೆಯುವ ಔಷಧಕ್ಕೂ ತೋಪಿಗೆ ತುಂಬುವ ಸಿಡಿಪುಡಿಗೂ ಅದೇ ಹೆಸರು. ಆಗದವರಿಗೆ ಅನ್ನದಲ್ಲಿ ಬೆರೆಸಿ ಕೊಡುತ್ತಾರೆಂದು ನಂಬಲಾಗುವ ವಿಷವೂ ಮದ್ದೇ. 'ಮದ್ದು ಹಾಕುವುದು', 'ಮದ್ದು ತೆಗೆಸುವುದು' ಎಂಬ ಬಳಕೆಗಳು ಇದಕ್ಕೆ ಸಾಕ್ಷಿ. ಕರಾವಳಿಯಲ್ಲಿ ಇದನ್ನು 'ಕೈವಿಷ' ಎನ್ನುವರು. ಗುಣ ಮಾಡಬಲ್ಲ ಪದಾರ್ಥ ಕೇಡನ್ನೂ ಮಾಡಬಲ್ಲದು ಎಂಬ ತಿಳಿವಳಿಕೆ ಈ ಒಂದು ಶಬ್ದದಲ್ಲಿಯೇ ಅಡಗಿದೆ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯ ತಾತ್ಪರ್ಯವೂ ಇದೇ. ಆದ್ದರಿಂದ ಆಧುನಿಕ ವೈದ್ಯಶಾಸ್ತ್ರವು ಅಡ್ಡಪರಿಣಾಮವೆಂದು ಕರೆಯುವ ಸಂಗತಿ ಜನಪದರಿಗೆ ಅಪರಿಚಿತವಲ್ಲ. ಆದರೆ ಅದನ್ನು ಅರ್ಥೈಸುವ ಅವರ ಪರಿಭಾಷೆ ಬೇರೆ. ಈ ಎರಡು ಪರಿಭಾಷೆಗಳು ಸಂಧಿಸುವೆಡೆ ರೋಗಿಗೆ ಒದಗುವ ಅನುಕೂಲ ಮತ್ತು ಅಪಾಯಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನಪದ ವೈದ್ಯದಲ್ಲಿ ಔಷಧ ಮತ್ತು ಪಥ್ಯ ಬೇರೆಬೇರೆಯಲ್ಲ. ಕಾಮಾಲೆಗೆ ಮದ್ದು ಕೊಡುವ ನಾಟಿ ವೈದ್ಯರು ಉಪ್ಪು, ಎಣ್ಣೆ ಬಿಡಬೇಕೆಂದು ವಿಧಿಸುತ್ತಾರೆ. ಗಾಯವಾದವರಿಗೆ ಬದನೆಕಾಯಿ ನಂಜೆಂದು ನಿಷೇಧಿಸುತ್ತಾರೆ. ಈ ನಿಷೇಧಗಳೆಲ್ಲವೂ ವೈಜ್ಞಾನಿಕವಾಗಿ ಸಿದ್ಧಪಟ್ಟವಲ್ಲ. ಆದರೂ ಔಷಧವನ್ನು ಯಾವುದರೊಡನೆ, ಯಾವಾಗ ಸೇವಿಸಬೇಕು ಎಂಬುದು ಮುಖ್ಯವೆಂಬ ತತ್ವ ಸರಿಯಾದುದು. ಇಂಗ್ಲಿಷ್ ಮಾತ್ರೆಗೆ ಪಥ್ಯವಿಲ್ಲವೆಂಬ ಸಾಮಾನ್ಯ ಭಾವನೆಯೇ ತಪ್ಪು. 'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎಂಬ ಗಾದೆ ಎಲ್ಲ ಔಷಧಗಳಿಗೂ ಹೊಂದದು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳನ್ನು ಹಾಲಿನೊಡನೆ ನುಂಗಿದರೆ ಅದರಲ್ಲಿನ ಕ್ಯಾಲ್ಸಿಯಂ ಔಷಧದೊಡನೆ ಕೂಡಿಕೊಂಡು, ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ಕಬ್ಬಿಣಾಂಶದ ಮಾತ್ರೆಯ ಜೊತೆ ಚಹಾ ಕುಡಿದರೂ ಇದೇ ಬಗೆಯ ನಷ್ಟ. ಡೈಕ್ಲೊಫಿನಾಕ್‌ನಂತಹ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು. ಬಹುಕಾಲ ನುಂಗಿದರೆ ಮೂತ್ರಪಿಂಡಕ್ಕೂ ಹಾನಿಯುಂಟು.

ಅಡ್ಡಪರಿಣಾಮಗಳನ್ನು ಜನಪದರು ಉಷ್ಣ, ಶೀತ, ಪಿತ್ತ, ನಂಜು ಎಂಬ ವರ್ಗಗಳಲ್ಲಿ ಗ್ರಹಿಸುತ್ತಾರೆ. ಇಲ್ಲಿಯೇ ತೊಡಕು ಆರಂಭವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್ ಕೆಲವರಲ್ಲಿ ಒಣಕೆಮ್ಮನ್ನು ಉಂಟುಮಾಡುತ್ತದೆ. ಅದನ್ನು ಶೀತವೆಂದು ಬಗೆದು ಕಷಾಯ ಕುಡಿಯುತ್ತ ಹೋದರೆ ಕೆಮ್ಮು ನಿಲ್ಲದು. ವೈದ್ಯರಿಗೆ ತಿಳಿಸಿದರೆ ಬೇರೆ ಮಾತ್ರೆ ಬರೆದುಕೊಡಬಲ್ಲರು. ಪೆನಿಸಿಲಿನ್ ವರ್ಗದ ಔಷಧ ಒಗ್ಗದವರ ಮೈಮೇಲೆ ಏಳುವ ದದ್ದು ನೋಟಕ್ಕೆ ಪಿತ್ತದ ಗಂಧೆಯಂತೆಯೇ ಇರುತ್ತದೆ. ಕಂಬಳಿಯಿಂದ ಮೈ ಉಜ್ಜಿ ಸುಮ್ಮನಾಗುವುದು ಅಪಾಯಕರ. ದದ್ದಿನೊಡನೆ ಮುಖ, ತುಟಿ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದಲ್ಲಿ ಅದು ಪ್ರಾಣಾಂತಿಕ ಒಗ್ಗದಿಕೆಯ ಲಕ್ಷಣ. ಆ ಔಷಧವನ್ನು ಮತ್ತೆ ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕ್ಷಯರೋಗದ ಚಿಕಿತ್ಸೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ. ಸಾಮಾನ್ಯ ಕ್ಷಯಕ್ಕೆ ಕನಿಷ್ಠ 6 ತಿಂಗಳ ಔಷಧಕ್ರಮವಿದೆ. ಅದರಲ್ಲಿರುವ ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರುಗಳನ್ನು ಕಿತ್ತಳೆ ಕೆಂಪಿಗೆ ತಿರುಗಿಸುತ್ತದೆ. ಇದು ನಿರಪಾಯಕರ. ಮೂತ್ರ ಕೆಂಪಾದರೆ ಮೈಯಲ್ಲಿ ಉಷ್ಣವೇರಿದೆ ಎಂಬುದು ಜನಪದ ಗ್ರಹಿಕೆ. ಹಾಗೆ ತಿಳಿದ ರೋಗಿ ಮಜ್ಜಿಗೆ, ಎಳನೀರು ಕುಡಿದರೆ ಕೇಡಿಲ್ಲ; ಮಾತ್ರೆಯನ್ನೇ ಬಿಟ್ಟರೆ ಕೇಡುಂಟು. ಕೆಲವು ವಾರಗಳಲ್ಲಿ ಕೆಮ್ಮು, ಜ್ವರ ಇಳಿಯುವುದರಿಂದ ರೋಗ ಹೋಯಿತೆಂಬ ಭ್ರಮೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ಆ ರೋಗ ಮನೆಯ ಇತರರಿಗೂ ಹರಡಬಹುದು. ಇದಕ್ಕೆ ಪ್ರತಿಯಾಗಿ, ಇದೇ ಔಷಧಕ್ರಮದಲ್ಲಿ ಕಣ್ಣು ಹಳದಿಯಾಗಿ, ವಾಂತಿ, ಹಸಿವಿಲ್ಲದಿರುವಿಕೆ ಕಾಣಿಸಿದರೆ ಅದು ಯಕೃತ್ತಿಗೆ ಪೆಟ್ಟಾದ ಸೂಚನೆ. ಅದನ್ನು ಬರಿಯ ಕಾಮಾಲೆಯೆಂದು ನಾಟಿ ಮದ್ದಿಗೆ ಹೋಗದೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಒಡನೆ ಕಾಣಬೇಕು. ಯಾವ ಬಣ್ಣಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಿಲ್ಲ ಎಂಬುದನ್ನು ಮೊದಲ ದಿನವೇ ರೋಗಿಗೆ ತಿಳಿಸುವುದು ಚಿಕಿತ್ಸೆಯ ಭಾಗವೇ ಆಗಿದೆ.

ಎರಡು ಪದ್ಧತಿಗಳ ಮತ್ತೊಂದು ಅಂತರ ಹೆಸರಿಗೆ ಸಂಬಂಧಿಸಿದ್ದು. ಬೇರಿನ ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆ ಜನಪದ ವೈದ್ಯರಲ್ಲಿ ವ್ಯಾಪಕವಾಗಿದೆ. ವೈದ್ಯರ ಚೀಟಿಯ ಔಷಧದಲ್ಲಿ ಹೆಸರೇ ರಕ್ಷೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡು ಬೇರೆ ಹೆಸರಿನ ಮಾತ್ರೆ ನುಂಗಿದವರು ಎರಡರಲ್ಲಿಯೂ ಪ್ಯಾರಸಿಟಮಾಲ್ ಇರುವುದನ್ನರಿಯದೆ ಮಿತಿ ಮೀರಬಹುದು; ಅದು ಯಕೃತ್ತಿಗೆ ಮಾರಕ. ನಾಟಿ ಮದ್ದು ಸೇವಿಸುತ್ತಿರುವುದನ್ನು ವೈದ್ಯರಿಂದ ಮುಚ್ಚಿಡುವುದೂ ಇಷ್ಟೇ ಅಪಾಯಕಾರಿ. ಒಬ್ಬರಿಗೆ ಬರೆದ ಮಾತ್ರೆಯನ್ನು ನೆರೆಮನೆಯವರಿಗೆ ಕೊಡುವುದು ಸದ್ಭಾವದ ಕೆಲಸವಾದರೂ ಸಲ್ಲದು.

ಈ ಎಚ್ಚರಕ್ಕೆ ಕಾನೂನಿನ ಆಧಾರವೂ ಇದೆ. 1945ರ ಔಷಧ ನಿಯಮಗಳ 'ಎಚ್' ಅನುಸೂಚಿಯ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. 2014ರಲ್ಲಿ ಜಾರಿಗೆ ಬಂದ 'ಎಚ್ 1' ಅನುಸೂಚಿಯ ಔಷಧಗಳಿಗೆ ಅಂಗಡಿಯವರು ಪ್ರತ್ಯೇಕ ದಾಖಲೆ ಇಡಬೇಕು. ಪೊಟ್ಟಣದ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಕೈಗೊಂಡಿತು. ಓದು ಬಾರದವರಿಗೂ ಎಟುಕುವ ಸಂಕೇತವಿದು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಮೂಲಕ ರೋಗಿಗಳೇ ಅಡ್ಡಪರಿಣಾಮಗಳನ್ನು ವರದಿ ಮಾಡಬಹುದು.

ಆದರೆ ವರದಿಯ ನಮೂನೆಯಲ್ಲಿ 'ಉಷ್ಣವಾಯಿತು', 'ನಂಜೇರಿತು' ಎಂಬ ಮಾತುಗಳಿಗೆ ಎಡೆಯಿಲ್ಲ. ರೋಗಿ ಹಾಗೆಂದಾಗ ಅದನ್ನು ಮೌಢ್ಯವೆಂದು ತಳ್ಳಿಹಾಕದೆ, ಯಾವ ಅಂಗದಲ್ಲಿ, ಎಷ್ಟು ದಿನದಿಂದ, ಯಾವ ಮಾತ್ರೆಯ ತರುವಾಯ ಎಂದು ಬಿಡಿಸಿ ಕೇಳುವುದು ವೈದ್ಯರ ಹಾಗೂ ಆಶಾ ಕಾರ್ಯಕರ್ತೆಯರ ಹೊಣೆ. ಹೊತ್ತಿಗೆ ಸರಿಯಾಗಿ ನುಂಗುವುದು, ಹೇಳದೆ ಬಿಡದಿರುವುದು, ಬೇರೆ ಮದ್ದನ್ನು ಬೆರೆಸದಿರುವುದು, ಇವನ್ನು 'ಈ ಮಾತ್ರೆಯ ಪಥ್ಯ' ಎಂದೇ ವಿವರಿಸಿದರೆ ಜನರಿಗೆ ಸುಲಭವಾಗಿ ಮನವರಿಕೆಯಾದೀತು. ಜನಪದ ವೈದ್ಯದ ಅಧ್ಯಯನವು ಗಿಡಮೂಲಿಕೆಗಳ ಪಟ್ಟಿಗೆ ಸೀಮಿತವಾಗದೆ, ಜನರು ತಮ್ಮ ನೋವನ್ನು ಹೇಳಿಕೊಳ್ಳುವ ಈ ಪದಸಂಪತ್ತನ್ನೂ ಪ್ರದೇಶವಾರು ಸಂಗ್ರಹಿಸಿ ಆರೋಗ್ಯ ಸಿಬ್ಬಂದಿಗೆ ಒದಗಿಸುವುದು ಇಂದಿನ ಅಗತ್ಯ.