ತಾಯಂದಿರೂ ಕೂರುವ ತರಗತಿ

ಬಹಳ ಮನೆಗಳಲ್ಲಿ ಇದು ಕಿವಿಯ ಮೇಲಿನ ಅನುಮಾನದಿಂದಲೇ ಶುರುವಾಗುತ್ತದೆ. ಎರಡು ವರ್ಷದ ಮಗ ಎಷ್ಟು ಸಲ ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುವುದಿಲ್ಲ. ಅದೇ ಮಗು, ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ನಡುಮನೆಯಿಂದ ಓಡಿ ಬರುತ್ತದೆ. ‘ಅವನ ಸೋದರಮಾವನಿಗೂ ಮಾತು ತಡ, ನಾಲ್ಕು ತುಂಬಿದ ಮೇಲೇ ಮಾತಾಡಿದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಮೊಬೈಲು ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕೊನೆಗೆ ಊರಿನ ಮಕ್ಕಳ ಡಾಕ್ಟರು ಒಂದು ಚೀಟಿ ಬರೆದುಕೊಡುತ್ತಾರೆ: ಮೈಸೂರಿಗೆ ಹೋಗಿ, ಬೇರಾ ಪರೀಕ್ಷೆ ಮಾಡಿಸಿಕೊಂಡು ಬನ್ನಿ.

ಬೇರಾ ಎಂದರೆ ಮಗು ನಿದ್ದೆಯಲ್ಲಿರುವಾಗ ಮಾಡುವ ಶ್ರವಣ ಪರೀಕ್ಷೆ. ಹಣೆಗೆ, ಕಿವಿಯ ಹಿಂದಕ್ಕೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಯೊಳಕ್ಕೆ ಟಕ್ ಟಕ್ ಎಂಬ ಸದ್ದು ಬಿಡುತ್ತಾರೆ. ಆ ಸದ್ದು ಕಿವಿಯ ನರದಿಂದ ಮೆದುಳಿನ ಬುಡದವರೆಗೆ ತಲುಪುತ್ತದೆಯೇ ಎಂಬುದು ಕಂಪ್ಯೂಟರಿನ ಗೀಟುಗಳಲ್ಲಿ ಕಾಣುತ್ತದೆ. ಮಗು ನಿದ್ದೆ ಮಾಡದಿದ್ದರೆ ಪರೀಕ್ಷೆ ಆಗುವುದಿಲ್ಲ. ಹಾಗಾಗಿ ತಾಯಂದಿರು ಮಗುವನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ, ಬಸ್ಸಿನಲ್ಲಿ ತೂಕಡಿಸದಂತೆ ಹಾಡಿ, ಕುಣಿಸಿ, ಕಿಟಕಿ ತೋರಿಸಿ ಕರೆತರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬರುವ ಉತ್ತರ ಎಷ್ಟೋ ಸಲ ಒಂದೇ: ಕಿವಿ ಚೆನ್ನಾಗಿದೆ. ಒಂದು ಗಳಿಗೆ ನಿರಾಳ. ಹಾಗಾದರೆ ಇವನು ಯಾಕೆ ನೋಡುವುದಿಲ್ಲ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಕೆಲವು ಮಕ್ಕಳಲ್ಲಿ ಅದಕ್ಕೆ ಉತ್ತರ ಆಟಿಸಂ.

ಕಿವಿ ಮತ್ತು ಮಾತಿಗೆಂದು ಕಟ್ಟಿದ ಸಂಸ್ಥೆಯೊಂದು ಆಟಿಸಂ ಇರುವ ಮಕ್ಕಳ ದೊಡ್ಡ ವಿಳಾಸವಾದದ್ದು ಈ ದಾರಿಯಲ್ಲಿ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಎಂಬುದು ಅದರ ಪೂರ್ಣ ಹೆಸರು. ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು. ಅಲ್ಲಿ ಓದಿದವರಿಗೆ, ಚಿಕಿತ್ಸೆಗೆ ಬರುವವರಿಗೆ ಅದು ಆಯಿಷ್. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿ 1965ರಲ್ಲಿ ಶುರುವಾದ ಸಂಸ್ಥೆ ಇದು. ಜಯಚಾಮರಾಜ ಒಡೆಯರು ಕೊಟ್ಟ ಸುಮಾರು 22 ಎಕರೆ ಜಾಗದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಂತೆ, 1966ರ ಜುಲೈ 25ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಇದಕ್ಕೆ ಅಡಿಗಲ್ಲು ಹಾಕಿದರು. ಹಿಂದೆ ಇದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿದ್ದವರು ಅವರು. 1972ರ ಹೊತ್ತಿಗೆ ಇಲ್ಲಿಯವರು ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯಲು ಕನ್ನಡದ್ದೇ ಪರೀಕ್ಷೆಯೊಂದನ್ನು ರೂಪಿಸಿದ್ದರು. ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಅಳತೆಗೋಲು ಹಿಡಿದು ನಮ್ಮ ಮಕ್ಕಳ ಮಾತನ್ನು ತೂಗಬಾರದು ಎಂಬ ತಿಳಿವಳಿಕೆ ಅಷ್ಟು ಬೇಗ ಬಂದಿತ್ತೆಂಬುದು ಹೆಮ್ಮೆಯ ವಿಷಯ.

ಆದರೆ ಈ ಲೇಖನ ಬರೆಯಲು ನನ್ನನ್ನು ಒತ್ತಾಯಿಸಿದ್ದು ಅಲ್ಲಿನ ಪ್ರಯೋಗಾಲಯಗಳಲ್ಲ, ಶಾಲಾಪೂರ್ವ ವಿಭಾಗ. ಕಿವಿ ಕೇಳದ ಮಕ್ಕಳು, ಬುದ್ಧಿಯ ಬೆಳವಣಿಗೆ ನಿಧಾನವಿರುವ ಮಕ್ಕಳು, ಆಟಿಸಂ ಇರುವ ಮಕ್ಕಳು ಬೇರೆ ಬೇರೆ ಗುಂಪುಗಳಲ್ಲಿ, ತಂತಮ್ಮ ಮನೆಮಾತಿನಲ್ಲಿ ಕಲಿಯುತ್ತಾರೆ. ಬೇರೆ ಶಾಲೆಗಳಲ್ಲಿ ಗೇಟಿನ ಹೊರಗೆ ನಿಲ್ಲುವ ತಾಯಂದಿರು ಇಲ್ಲಿ ಮಕ್ಕಳ ಜೊತೆಗೇ ತರಗತಿಯ ಒಳಗೆ ಕೂರುತ್ತಾರೆ. ಅವರಿಗೂ ಪಾಠವಿದೆ. ಮಗುವಿನ ಮೊದಲ ಶಿಕ್ಷಕಿ ತಾಯಿ ಎಂಬ ಮಾತನ್ನು ಗೋಡೆಯ ಮೇಲೆ ಬರೆದು ಕೈತೊಳೆದುಕೊಳ್ಳುವವರು ಬಹಳ. ಆ ತಾಯಿಗೆ ತರಬೇತಿ ಕೊಡುವ ಶ್ರಮ ತೆಗೆದುಕೊಳ್ಳುವವರು ಕಡಿಮೆ.

ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ನಾಲ್ಕು ವರ್ಷದ ಹುಡುಗ, ರಾಯಚೂರು ಕಡೆಯ ತಾಯಿ, ಎದುರಿಗೆ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿನಿ ಚಿಕಿತ್ಸಕಿ. ಹುಡುಗ ನೀರಿನ ಬಾಟಲಿಯ ಕಡೆ ನೋಡುತ್ತಾನೆ. ತಾಯಿಯ ಕೈ ಆಗಲೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದೆ. ‘ಅವಂಗ ನೀರ್ ಬೇಕಾಗೈತ್ರಿ ಮೇಡಂ.’ ಚಿಕಿತ್ಸಕಿ ಮೆಲ್ಲಗೆ, ‘ಗೊತ್ತು ಅಮ್ಮ, ಸ್ವಲ್ಪ ತಡೀರಿ, ಅವನೇ ಕೇಳ್ಲಿ’ ಎನ್ನುತ್ತಾಳೆ. ಬಾಟಲಿ ಇಬ್ಬರ ನಡುವೆ ಕಾಣುವಂತೆ ಇರುತ್ತದೆ. ಅದರ ಪಕ್ಕ ಲೋಟದ ನೀರಿನ ಚಿತ್ರವಿರುವ ಒಂದು ಕಾರ್ಡು. ಯಾರೂ ಏನೂ ಹೇಳುವುದಿಲ್ಲ. ಹುಡುಗ ಬಾಟಲಿ ಎಳೆಯಲು ನೋಡುತ್ತಾನೆ, ಬಿಡುತ್ತಾನೆ, ಕಾರ್ಡಿನ ಅಂಚನ್ನು ಬೆರಳಿನಿಂದ ಸವರುತ್ತಾನೆ. ಆಮೇಲೆ ಕಾರ್ಡನ್ನು ಎತ್ತಿ ಚಿಕಿತ್ಸಕಿಯ ಅಂಗೈಗೆ ಹಾಕುತ್ತಾನೆ. ‘ನೀರು! ನೀರು ಬೇಕಾ, ತಗೋ ಪುಟ್ಟ.’ ಬಾಟಲಿ ಕೂಡಲೇ ಅವನ ಕೈ ಸೇರುತ್ತದೆ. ಗಂಟಲು ಒಣಗುವವರೆಗೆ ಸತಾಯಿಸುವುದು ಇದಲ್ಲ. ಐದೋ ಹತ್ತೋ ಎಣಿಸುವಷ್ಟು ಹೊತ್ತು ಕಾಯುವುದು, ಆಮೇಲೂ ಆಗದಿದ್ದರೆ ಕೈಹಿಡಿದು ತೋರಿಸಿಕೊಡುವುದು. ಈ ಕಸುಬಿನ ತಿರುಳು ಹೆಚ್ಚುಕಡಿಮೆ ಇಷ್ಟೇ. ನೋಡುವುದಕ್ಕೆ ಏನೂ ಅಲ್ಲ ಎನಿಸುತ್ತದೆ. ಮಗನ ಮನಸ್ಸನ್ನು ನಾಲ್ಕು ವರ್ಷ ಕಣ್ಣಲ್ಲೇ ಓದಿ ಬೇಕಾದ್ದನ್ನು ಕೈಗಿಟ್ಟ ತಾಯಿಗೆ ಆ ಹತ್ತು ಎಣಿಕೆ ಎಷ್ಟು ಕಷ್ಟ ಎಂಬುದು ಅವಳ ಮುಖದಲ್ಲಿ ಕಾಣುತ್ತದೆ.

ಕಾರ್ಡು ಕಂಡರೆ ಹೆತ್ತವರಿಗೆ ಅಳುಕು. ಚಿತ್ರ ತೋರಿಸುವುದು ರೂಢಿಯಾದರೆ ಮಾತೇ ಬಾರದೆ ಹೋದೀತೇ ಎಂದು ಕೇಳುತ್ತಾರೆ. ಅಧ್ಯಯನಗಳು ಹೇಳುವುದು ಬೇರೆ: ಚಿತ್ರ, ಸನ್ನೆ, ಟ್ಯಾಬ್ ಯಾವುದೂ ಮಾತನ್ನು ತಡೆಯುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಬರಲು ನೆರವಾಗುತ್ತದೆ. ಮಾತು ಬಾರದೇ ಉಳಿಯುವ ಮಕ್ಕಳೂ ಇದ್ದಾರೆ. ಅವರಿಗೆ ಕಾರ್ಡೇ ಮಾತು. ಹಸಿವು, ನೋವು, ಸಾಕು, ಬೇಡ ಎಂದು ಹೇಳಲು ಒಂದು ದಾರಿ ಸಿಕ್ಕಿದ ದಿನದಿಂದ ಕಿರುಚಾಟ, ತಲೆ ಚಚ್ಚಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಕಡಿಮೆಯಾಗುತ್ತದೆ. ಹಟಮಾರಿ ಎಂದು ಹೆಸರಾದ ಮಗು ನಿಜಕ್ಕೂ ಹೇಳಲಾಗದೆ ಒದ್ದಾಡುತ್ತಿತ್ತೆಂದು ಆಗ ತಿಳಿಯುತ್ತದೆ.

ಭಾಷೆಯ ಬಗ್ಗೆ ಇನ್ನೊಂದು ಮಾತು. ‘ಮನೇಲಿ ಬರೀ ಇಂಗ್ಲಿಷೇ ಮಾತಾಡಿ, ಎರಡು ಭಾಷೆ ಆದರೆ ಗೊಂದಲವಾಗುತ್ತೆ’ ಎಂಬ ಸಲಹೆ ನಗರದ ಹೆತ್ತವರಿಗೆ ಈಗಲೂ ಸಿಗುತ್ತದೆ. ಎರಡು ಭಾಷೆಗಳ ನಡುವೆ ಬೆಳೆದದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬಿದ್ದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಮುದ್ದಾಡುವ ಅಜ್ಜಿ ಬಾಯಿ ಮುಚ್ಚಿ ಕೂತರೆ, ಮೊದಲೇ ಜನರೊಡನೆ ಬೆರೆಯಲು ಕಷ್ಟಪಡುವ ಮಗುವಿನ ಪಾಲಿಗೆ ಮನೆಯಲ್ಲಿ ಒಂದು ಜೀವ ಕಡಿಮೆಯಾಯಿತು. ಮನೆಮಾತಿನಲ್ಲೇ ಪಾಠ ಹೇಳುವ ಮೈಸೂರಿನ ಪದ್ಧತಿ ನನಗೆ ಸರಿಯೆನಿಸುವುದು ಇದಕ್ಕಾಗಿ.

ತಾಯಿಯನ್ನು ಒಳಗೆ ಕೂರಿಸಿಕೊಳ್ಳುವುದರ ಹಿಂದೆ ಒಂದು ಕಹಿ ಚರಿತ್ರೆಯೂ ಇದೆ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ವೈದ್ಯಲೋಕದ ಗಮನಕ್ಕೆ ತಂದ ಮೇಲೆ, ಇದಕ್ಕೆ ಪ್ರೀತಿ ತೋರದ ತಾಯಂದಿರೇ ಕಾರಣ ಎಂಬ ವಾದ ದಶಕಗಳ ಕಾಲ ಮೆರೆಯಿತು. ಬ್ರೂನೊ ಬೆಟೆಲ್‌ಹೈಮ್ ಅದನ್ನು ಪುಸ್ತಕವಾಗಿಸಿ ಹರಡಿದರು. ಅದನ್ನು ಗಟ್ಟಿಯಾಗಿ ಅಲ್ಲಗಳೆದ ಮೊದಲಿಗರಲ್ಲಿ ಒಬ್ಬರು, ಆಟಿಸಂ ಇರುವ ಮಗನ ತಂದೆ, ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್. 1964ರ ಪುಸ್ತಕದಲ್ಲಿ ಅವರು ಇದು ನರಮಂಡಲದ ಬೆಳವಣಿಗೆಗೆ ಸೇರಿದ್ದು ಎಂದು ವಾದಿಸಿದರು. ವಿಜ್ಞಾನ ತಾಯಿಯನ್ನು ಆರೋಪದಿಂದ ಬಿಡಿಸಿ ಅರ್ಧ ಶತಮಾನ ದಾಟಿದೆ. ನಮ್ಮ ಬೀದಿ ಇನ್ನೂ ಬಿಡಿಸಿಲ್ಲ. ಕೆಲಸಕ್ಕೆ ಹೋದಳು, ಗ್ರಹಣದಲ್ಲಿ ಹೊರಗೆ ಬಂದಳು, ಟಿವಿ ಹಾಕಿ ಉಣ್ಣಿಸಿದಳು, ಹೀಗೆ ಕಾರಣ ಹುಡುಕುತ್ತಲೇ ಇರುತ್ತದೆ. ಚುಚ್ಚುಮದ್ದಿನಿಂದ ಬಂತು ಎನ್ನುವವರೂ ಉಂಟು; ಹಾಗೆಂದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ತರಗತಿಯಲ್ಲಿ ಹತ್ತು ತಾಯಂದಿರು ಒಟ್ಟಿಗೆ ಕೂತಾಗ ಆಗುವ ಮೊದಲ ಒಳಿತು ಮಕ್ಕಳಿಗಲ್ಲ, ಅವರಿಗೇ. ತನ್ನ ಮನೆಯಲ್ಲಿ ಮಾತ್ರ ಹೀಗೆ ಎಂದುಕೊಂಡಿದ್ದವಳ ಎದೆಭಾರ ಪಕ್ಕದವಳ ಕಥೆ ಕೇಳಿ ಇಳಿಯುತ್ತದೆ.

ಹೆದರಿದ ಹೆತ್ತವರಿಗೆ ಗುಣಪಡಿಸುವ ಆಸೆ ತೋರಿಸಿ ದುಡ್ಡು ಕೀಳುವವರ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಕೊಡುವುದು ವೃತ್ತಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಸಾರಿದೆ. ಹೊಲ ಮಾರಿ, ಒಡವೆ ಅಡವಿಟ್ಟು ಅದಕ್ಕೆ ಹೋಗುವ ಮುನ್ನ ಇದನ್ನು ತಿಳಿದಿರಬೇಕು.

ಹಾಗಾದರೆ ಚಿಕಿತ್ಸೆ ಯಾಕೆ, ಯಾವುದಕ್ಕೆ? ಎಲ್ಲ ತಂದೆತಾಯಿ ಮೊದಲು ಕೇಳುವುದು ‘ನಾರ್ಮಲ್ ಆಗ್ತಾನಾ?’ ಎಂದೇ. ಆಟಿಸಂ ಇರುವ ದೊಡ್ಡವರು ಈ ಪ್ರಶ್ನೆಯನ್ನೇ ಪ್ರಶ್ನಿಸಿದ್ದಾರೆ. 1993ರಲ್ಲಿ ಜಿಮ್ ಸಿಂಕ್ಲೇರ್ ಎಂಬವರು, ತಾವೂ ಆಟಿಸಂ ಇರುವವರೇ, ಹೆತ್ತವರನ್ನು ಉದ್ದೇಶಿಸಿ ಬರೆದ ಬರಹದ ಸಾರ ಇದು: ನೀವು ಕನಸಿದ ಮಗುವಿಗಾಗಿ ಅಳುತ್ತಾ ಕೂತರೆ, ಎದುರಿಗೆ ಬಂದು ನಿಂತಿರುವ ಮಗು ನಿಮಗೆ ಕಾಣದು. 1990ರ ದಶಕದ ಕೊನೆಗೆ ಜೂಡಿ ಸಿಂಗರ್ ಮೊದಲಾದವರು ನರವೈವಿಧ್ಯದ ಮಾತಾಡಿದರು. ಮನುಷ್ಯರ ಮೆದುಳು ಒಂದೇ ಅಚ್ಚಿನದಲ್ಲ ಎಂದರು. 2012ರಲ್ಲಿ ಡೇಮಿಯನ್ ಮಿಲ್ಟನ್ ಇನ್ನೂ ಮುಂದೆ ಹೋದರು: ಆಟಿಸಂ ಇರುವವರಿಗೆ ಮಾತ್ರ ಇತರರು ಅರ್ಥವಾಗುವುದಿಲ್ಲ ಎನ್ನುವುದು ಅರ್ಧ ಸತ್ಯ, ಇತರರಿಗೂ ಅವರು ಅರ್ಥವಾಗುವುದಿಲ್ಲ. ಸೇತುವೆಯನ್ನು ಎರಡೂ ದಡದಿಂದ ಕಟ್ಟಬೇಕು.

ಇದನ್ನು ಓದಿ ಚಿಕಿತ್ಸೆಯೇ ಬೇಡವೆನ್ನುವುದು ತಪ್ಪು. ನೀರು ಕೇಳಲು, ರಸ್ತೆ ದಾಟಲು, ಶೌಚಕ್ಕೆ ಹೋಗಲು ಕಲಿಸಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆದರೆ ಕೈ ಅಲ್ಲಾಡಿಸಬೇಡ, ಕಣ್ಣಿಗೆ ಕಣ್ಣಿಟ್ಟು ನೋಡು, ಎಲ್ಲರಂತೆ ಆಡು ಎಂದು ಮಗುವನ್ನು ದಿನವಿಡೀ ತಿದ್ದುವುದು ಬೇರೆ. ಖುಷಿಯಾದಾಗ ಕೈ ಅಲ್ಲಾಡಿಸಿದರೆ ಯಾರಿಗೇನು ನಷ್ಟ? ಕಣ್ಣು ತಪ್ಪಿಸಿಕೊಂಡೇ ನಮ್ಮ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ. ಎಲ್ಲರಂತೆ ಕಂಡರೆ ಸಾಕೆಂದು ಪಟ್ಟಿ ಹಿಡಿದು ಕೂರುವ ಕೇಂದ್ರಗಳು ಊರೂರಿನಲ್ಲಿ ತಲೆಯೆತ್ತಿವೆ. ಮಗುವನ್ನು ಸೇರಿಸುವ ಮೊದಲು ಹೆತ್ತವರು ಒಂದು ಕೇಳಿಕೊಳ್ಳಬೇಕು: ಒಳಗೆ ಏನು ನಡೆಯುತ್ತದೆ ಎಂದು ನನ್ನನ್ನು ಕೂತು ನೋಡಲು ಬಿಡುತ್ತಾರೆಯೇ?

ಒಪ್ಪಿಕೊಳ್ಳುವುದು ಎಂಬುದು ಮನಸ್ಸಿನ ದೊಡ್ಡತನದ ಮಾತಾಗಿ ಉಳಿಯಬಾರದು. ಅದು ಮನೆಯ ಏರ್ಪಾಟಿನಲ್ಲಿ ಕಾಣಬೇಕು. ಮಂಗಳಾರತಿ ಹೊತ್ತಿಗೆ ಗಂಟೆ-ನಗಾರಿಯ ಯಂತ್ರ ಹಾಕಿದರೆ ಕಿವಿ ಮುಚ್ಚಿಕೊಂಡು ನೆಲಕ್ಕುರುಳುವ ಮಗುವನ್ನು ಮಂಗಳಾರತಿ ಮುಗಿದ ಮೇಲೆ ದೇವಸ್ಥಾನಕ್ಕೆ ಕರೆದೊಯ್ಯಬಹುದು. ಮದುವೆಮನೆಯಲ್ಲಿ ಗಟ್ಟಿಮೇಳದ ಹೊತ್ತಿಗೆ ಚಿಕ್ಕಪ್ಪನೊಬ್ಬ ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋಗಬಹುದು. ಕುಕ್ಕರ್ ಕೂಗುವ ಮೊದಲು ಹೇಳಬಹುದು. ಅನ್ನ ಮೊಸರು ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ನೆಂಟರ ಮನೆಯಲ್ಲಿ ಅದನ್ನೇ ಬಡಿಸಿ, ಆಡಿಕೊಳ್ಳದೆ ಇರಬಹುದು. ದಿನದ ಕೆಲಸಗಳನ್ನು ಚಿತ್ರಗಳಾಗಿ ಸಾಲಾಗಿ ಗೋಡೆಗೆ ಅಂಟಿಸಿದರೆ, ಸ್ನಾನವಾದ ಮೇಲೆ ಏನು ಎಂಬ ಆತಂಕ ಮಗುವಿಗೆ ಇರುವುದಿಲ್ಲ. ಇದಕ್ಕೆ ಬೇಕಾದದ್ದು ಕ್ಯಾಲೆಂಡರಿನ ಹಿಂಬದಿ ಮತ್ತು ಬಣ್ಣದ ಪೆನ್ಸಿಲ್ಲು.

ಆಯಿಷ್‌ನಿಂದ ಹೊರಟವರು ಬೇರೆಡೆಯೂ ಕೆಲಸ ಕಟ್ಟಿದ್ದಾರೆ. ಮೈಸೂರಿನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಡಾ. ಪ್ರತಿಭಾ ಕಾರಂತ್ 2000ದಲ್ಲಿ ಬೆಂಗಳೂರಿನಲ್ಲಿ ಕಾಮ್ ಡೀಲ್ ಆರಂಭಿಸಿದರು. ಆರು ವರ್ಷದೊಳಗಿನ ಮಕ್ಕಳಿಗೆ ಮಾತು, ಚಲನೆ, ಕಲಿಕೆ ಎಲ್ಲದರ ತಜ್ಞರು ಒಂದೇ ಕೋಣೆಯಲ್ಲಿ ಕೂಡಿ ಕಲಿಸಿ, ಸಾಮಾನ್ಯ ಶಾಲೆಗೆ ಕಳಿಸುವ ಪ್ರಯತ್ನ ಅದು. ದೆಹಲಿಯಲ್ಲಿ ತಾಯಿಯೊಬ್ಬರೇ, ಮೇರಿ ಬರುವಾ, 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಕಟ್ಟಿದರು.

ಕಾನೂನಿನ ನೆರವೂ ತಡವಾಗಿ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಗುರುತಿಸಿತು. 2016ರ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಜೊತೆಗೆ ಕಲಿಕಾ ನ್ಯೂನತೆಗೂ ಜಾಗ ಸಿಕ್ಕಿತು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ವೆಚ್ಚ ಸಿಗುತ್ತದೆ, ಚಿಕಿತ್ಸಾ ತರಬೇತಿಗೂ ಅದರಲ್ಲಿ ಪಾಲಿದೆ. ಇದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಮಗುವಿಗೆ ಮುದ್ರೆ ಬೀಳುತ್ತದೆಂದು ಅದನ್ನು ಮಾಡಿಸದೆ ಉಳಿಯುವವರು ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ತಾಯಂದಿರನ್ನೂ ತರಗತಿಯಲ್ಲಿ ಕೂರಿಸುವ ಮೈಸೂರಿನ ಮಾದರಿಯ ಭಾರ ಬೀಳುವುದು ತಾಯಿಯ ಹೆಗಲ ಮೇಲೆ. ತರಗತಿಯಲ್ಲಿ ಕೂರಲು ಆಕೆ ನೌಕರಿ ಬಿಟ್ಟಿರುತ್ತಾಳೆ, ಮೈಸೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದಿರುತ್ತಾಳೆ, ದೊಡ್ಡ ಮಗಳನ್ನು ಊರಿನಲ್ಲಿ ಅತ್ತೆಯ ಬಳಿ ಬಿಟ್ಟಿರುತ್ತಾಳೆ. ಗಂಡ ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಆ ತರಗತಿಗಳಲ್ಲಿ ಅಪ್ಪಂದಿರು ಇಷ್ಟು ಕಡಿಮೆ ಇರುವುದು ನನಗೆ ಸಹ್ಯವಾಗಲಿಲ್ಲ. ಹತ್ತು ಎಣಿಸಿ ಕಾಯುವುದನ್ನು ಅಪ್ಪನೂ ಕಲಿಯಬಲ್ಲ.

ಸಂಸ್ಥೆ ತನ್ನ ಕೈಲಾದಷ್ಟು ಜನರ ಬಳಿಗೆ ಹೋಗಲು ನೋಡಿದೆ. ಅಕ್ಕಿಹೆಬ್ಬಾಳು, ಹುಲ್ಲಹಳ್ಳಿ, ಗುಂಬಳ್ಳಿಯಂಥ ಊರುಗಳ ಆಸ್ಪತ್ರೆಗಳಲ್ಲಿ, ಸಾಗರದಲ್ಲಿ ಅದರ ಸೇವಾ ಕೇಂದ್ರಗಳು ನಡೆದಿವೆ. ದೂರದವರಿಗೆ ವಿಡಿಯೊ ಮೂಲಕ ತರಬೇತಿ ಕೊಡುತ್ತದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರಗಳೂ ಆಗಬೇಕೆಂದಿದೆ. ಅಲ್ಲಿಗೆ ಬೇಕಾದ ವಾಕ್ ಚಿಕಿತ್ಸಕರನ್ನು ಮೈಸೂರು ವರ್ಷ ವರ್ಷವೂ ತಯಾರು ಮಾಡಿ ಕಳಿಸುತ್ತಿದೆ. ಆ ಹುದ್ದೆಗಳನ್ನು ತುಂಬಿ, ಆ ಕೇಂದ್ರಗಳಲ್ಲಿ ತಾಯಿತಂದೆ ಕೂರಲು ನಾಲ್ಕು ಚಾಪೆ ಹಾಸಿದರೆ, ರಾಯಚೂರಿನ ಹುಡುಗ ರಾಯಚೂರಿನಲ್ಲೇ, ಅಕ್ಕನ ಪಕ್ಕದಲ್ಲೇ ಕೂತು ನೀರು ಕೇಳಲು ಕಲಿಯಬಹುದು. ಅಲ್ಲಿಯವರೆಗೆ, ವರ್ಷ ತುಂಬಿದರೂ ಹೆಸರಿಗೆ ತಿರುಗದ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಮಗು ಮನೆಯಲ್ಲಿದ್ದರೆ ಸೋದರಮಾವನ ಕಥೆ ಕೇಳುತ್ತಾ ಕಾಯಬೇಡಿ. ಆಯಿಷ್‌ನ ಹೊರರೋಗಿ ವಿಭಾಗದಲ್ಲಿ ಹೆಸರು ಬರೆಸಿ. ಇಬ್ಬರೂ ಹೋಗಿ.